ಹುಣಸೆ ಬೀಜ, ಹೊಂಗೆ ಬೀಜ

"ನನ್ನ ತಂಗಿಗೆ ಹೇಳಿ ಬನ್ನಿ. ಬೇರೆ ಯಾರೋ ಹೇಳೋದು ಬೇಡ. ನೀವೇ ಹೋಗಿ."

ಒಂದು ಕಾಡಿನಲ್ಲಿ ಕೆಂಪವ್ವ ಎಂಬ ಮುಳ್ಳುಹಂದಿ ತನ್ನ ಗಂಡ ಬೋರಜ್ಜನಿಗೆ ಹೇಳಿದ ಕೊನೆಯ ಮಾತು ಇದು. ಹೇಳಿ, ಬಿಲದ ಗೋಡೆ ಕಡೆ ಹೊರಳಿದಳು. ಮತ್ತೆ ಈ ಕಡೆ ಹೊರಳಲಿಲ್ಲ.

ತಂಗಿ ಇದ್ದದ್ದು ಹೊಳೆಯ ಆಚೆ ಕಾಡಿನಲ್ಲಿ. ಕೆಂಪವ್ವನ ತವರು ಅದು. ಹೊಳೆ ಹರಿಯುತ್ತಿದ್ದದ್ದು ಆಳದ ಕಮರಿಯಲ್ಲಿ, ಯಾರೂ ಇಳಿಯುವ ಹಾಗಿರಲಿಲ್ಲ. ಅದರ ಮೇಲೆ ಎರಡು ಕಾಡಿಗೂ ನಡುವೆ ಒಂದು ದೊಡ್ಡ ಮತ್ತಿಮರ ಬಿದ್ದಿತ್ತು. ತುದಿ ಆಚೆ ದಡದಲ್ಲಿ, ಬುಡ ಈಚೆ ದಡದಲ್ಲಿ. ಈಚೆ ದಡದ ಒಂದು ದಪ್ಪ ಬೇರು ಅದನ್ನು ಹಿಡಿದುಕೊಂಡಿತ್ತು. ಎಲ್ಲರೂ ಆ ದಿಮ್ಮಿಯ ಮೇಲೇ ಓಡಾಡುತ್ತಿದ್ದರು. ಕೆಂಪವ್ವ ಮದುವೆಯಾಗಿ ನಡೆದು ಬಂದದ್ದೂ ಅದರ ಮೇಲೇ.

ಬೋರಜ್ಜ ದಿನಾ ಬೆಳಗ್ಗೆ ದಿಮ್ಮಿಯ ಬುಡದವರೆಗೆ ಹೋಗುತ್ತಿದ್ದ. ನಿಂತು ನೋಡುತ್ತಿದ್ದ. ವಾಪಸ್ ಬರುತ್ತಿದ್ದ. ಹದಿನೈದು ದಿನ ಹೀಗೇ ಆಯಿತು. ಕಾಲು ಏಳುತ್ತಿರಲಿಲ್ಲ. ಯಾಕೆಂದರೆ ಆ ದಿಮ್ಮಿಯನ್ನು ಹೊಳೆಗೆ ತಳ್ಳಬೇಕು ಎಂದು ಬೀಜ ಹಾಕಿದವರಲ್ಲಿ ಅವನೂ ಒಬ್ಬ. ನಾದಿನಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

ಬೀಜ ಹಾಕಿದ ಕಥೆ ಹೀಗೆ.

ಚಳಿಗಾಲದಲ್ಲಿ ನರಿ ಎದ್ದು ನಿಂತು, "ಆಚೆಯವರು ಬಂದು ನಮ್ಮ ಜೇನು ತಿಂತಾರೆ, ನಮ್ಮ ಗೆಡ್ಡೆ ಅಗೀತಾರೆ. ದಿಮ್ಮಿ ಹೋಗಲಿ. ಆಮೇಲೆ ನೋಡಿ, ವಾರಕ್ಕೊಂದು ಜೇನುತಟ್ಟಿ ಪ್ರತಿ ಬಿಲಕ್ಕೂ!" ಎಂದಿತು.

ಆ ಕಾಡಿನಲ್ಲಿ ದೊಡ್ಡ ಮಾತು ಬಂದರೆ ಬಂಡೆಯ ಗುಳಿಗೆ ಬೀಜ ಹಾಕುವುದು ಪದ್ಧತಿ. ಬೇಕು ಅನ್ನುವವರು ಹುಣಸೆ ಬೀಜ, ಬೇಡ ಅನ್ನುವವರು ಹೊಂಗೆ ಬೀಜ. ಸಮ ಬಂದರೆ ಇದ್ದದ್ದು ಇದ್ದ ಹಾಗೇ ಇರಬೇಕು. ಹಿರಿಯಳಾದ ಆನೆಯಮ್ಮ ಸೊಂಡಿಲಲ್ಲಿ ಎತ್ತಿ ಎಣಿಸುತ್ತಿದ್ದಳು.

ಮೊದಲ ಸಲ ನರಿ ಸೋತಿತು. "ಇವತ್ತು ಮಂಜು ಜಾಸ್ತಿ. ಬೀಜದ ಬಣ್ಣ ಯಾರಿಗೆ ಕಂಡಿತು? ಇನ್ನೊಂದು ಸಲ ಕೇಳೋಣ" ಎಂದಿತು. ಎರಡನೆಯ ಸಲವೂ ಸೋತಿತು. "ಆನೆಯಮ್ಮನ ಸೊಂಡಿಲಿಗೆ ನೆಗಡಿ. ಎಣಿಕೆ ತಪ್ಪಿದೆ. ಇನ್ನೊಂದು ಸಲ ಕೇಳೋಣ" ಎಂದಿತು. ಮೂರನೆಯ ಸಲಕ್ಕೆ ಮುಂಚೆ ಬಿಲಬಿಲಕ್ಕೂ ಹೋಯಿತು. ಬೋರಜ್ಜನ ಬಿಲಕ್ಕೂ ಬಂತು.

"ಅಜ್ಜ, ಆಚೆ ಕಾಡಿನಲ್ಲಿ ಮುಳ್ಳುಹಂದಿಗಳು ನೂರಾರು. ಎಲ್ಲ ಇತ್ತಲೇ ಹೊರಟಿವೆಯಂತೆ. ನಿನ್ನ ಗೆಡ್ಡೆ ಒಂದು ವಾರಕ್ಕೂ ಬರೋದಿಲ್ಲ ನೋಡು."

ಬೋರಜ್ಜ ನಂಬಿದ. ಹುಣಸೆ ಬೀಜ ಹಾಕಿದ. ಕೆಂಪವ್ವ ಪಕ್ಕದಲ್ಲೇ ನಿಂತು ಹೊಂಗೆ ಬೀಜ ಹಾಕಿದಳು. ಮನೆಗೆ ಬಂದು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, "ನನ್ನ ತಂಗಿಯೂ ನಿಮ್ಮ ಗೆಡ್ಡೆ ಕದಿಯೋಕೆ ಬರ್ತಾಳಾ?" ಎಂದು ಕೇಳಿದಳು. ಅಷ್ಟೇ.

ಹುಣಸೆ ನಲವತ್ತೊಂದು. ಹೊಂಗೆ ಮೂವತ್ತೊಂಬತ್ತು.

"ನೋಡಿದಿರಾ! ಕಾಡು ಮಾತಾಡಿತು. ಇನ್ನು ಯಾರೂ ಮತ್ತೆ ಕೇಳೋ ಹಾಗಿಲ್ಲ" ಎಂದಿತು ನರಿ.

ಮಳೆ ಹಿಡಿಯುವ ಮುಂಚೆ ಬೇರು ಕಡಿಯುವುದು ಎಂದು ತೀರ್ಮಾನವಾಯಿತು. ಬೇರು ಕಡಿಯುವ ಹಲ್ಲು ಆ ಕಾಡಿನಲ್ಲಿ ಇದ್ದದ್ದು ಮುಳ್ಳುಹಂದಿಗೆ ಮಾತ್ರ. ಕೆಲಸ ಬಿದ್ದದ್ದು ಬೋರಜ್ಜನಿಗೆ.

ಬೇಸಿಗೆ ಬಂತು. ಈಚೆ ಕಾಡಿನ ಹೊಂಡ ಒಣಗಿತು. ತುಂಬಿದ ಮಡು ಇದ್ದದ್ದು ಆಚೆ ಕಾಡಿನಲ್ಲಿ. ನೀರಿಗೆ ಎಲ್ಲರೂ ದಿಮ್ಮಿ ದಾಟಿಯೇ ಹೋಗಬೇಕು. ಹುಣಸೆ ಬೀಜ ಹಾಕಿದವರೂ ದಾಟಿದರು, ತಲೆ ತಗ್ಗಿಸಿಕೊಂಡು. ಕೆಂಪವ್ವ ಹೋದ ಮೇಲೆ ಬೋರಜ್ಜ ಮಾತ್ರ ದಾಟಲಿಲ್ಲ, ಗೆಡ್ಡೆಯ ರಸದಲ್ಲೇ ಬಾಯಾರಿಕೆ ನೀಗಿಸಿಕೊಂಡ. ಜೇನುತಟ್ಟಿ ಒಂದೂ ಬರಲಿಲ್ಲ. ಕೇಳಿದರೆ ನರಿ, "ಜೇನು ಅಂದೆ, ನಿಜ. ಇದೇ ವರ್ಷ ಅಂದೆನಾ?" ಎಂದಿತು.

ಆಗ ಗುಸುಗುಸು ಶುರುವಾಯಿತು. ಇನ್ನೊಂದು ಸಲ ಬೀಜ ಹಾಕಿಸಿದರೆ ಹೇಗೆ?

ಒಂದು ಗೊರವಂಕ ಹಕ್ಕಿ ಇತ್ತು. ಮಾತು ಜಾಸ್ತಿ. ಅದು ಕೊಂಬೆಕೊಂಬೆಗೆ ಹಾರಿ, "ಮತ್ತೆ ಕೇಳಬೇಕಾ? ಮತ್ತೆ ಕೇಳಬಾರದಾ?" ಎಂದು ವಿಚಾರಿಸತೊಡಗಿತು. ಬೆಳಗ್ಗೆ "ಹತ್ತರಲ್ಲಿ ಆರು ಜನ ಕೇಳಬೇಕು ಅಂತಾರೆ" ಎಂದು ಸಾರಿತು. ಮಧ್ಯಾಹ್ನ "ಹತ್ತರಲ್ಲಿ ಆರು ಜನ ಬೇಡ ಅಂತಾರೆ" ಎಂದಿತು.

"ಅದ್ಹೇಗೆ?" ಎಂದು ಮೊಲ ಕೇಳಿತು.

"ಬೆಳಗ್ಗೆ ನೇರಳೆ ಮರದಲ್ಲಿ ಕೇಳಿದೆ. ಮಧ್ಯಾಹ್ನ ಬೇಲದ ಮರದಲ್ಲಿ ಕೇಳಿದೆ."

"ಸಂಜೆ?"

"ಸಂಜೆ ರೆಕ್ಕೆ ನೋವು. ನಾನೇ ನನ್ನನ್ನು ಕೇಳಿಕೊಂಡೆ."

ಬೋರಜ್ಜನ ಬಿಲಕ್ಕೂ ಅದು ಬಂತು. "ಅಜ್ಜ, ಮತ್ತೆ ಕೇಳಬೇಕಾ, ಬೇಡವಾ?"

ಬೋರಜ್ಜ ಕಚ್ಚುತ್ತಿದ್ದ ಗೆಡ್ಡೆ ಕೆಳಗಿಟ್ಟ, ಬಾಯಿ ಒರೆಸಿಕೊಂಡ. ಅಷ್ಟರಲ್ಲಿ ಗೊರವಂಕ, "ಗೊತ್ತಿಲ್ಲ ಅನ್ನುವವರು ಒಬ್ಬರು" ಎಂದು ಹಾರಿ ಹೋಯಿತು.

ಅವನಿಗೆ ಗೊತ್ತಿತ್ತು. ಹೇಳಲು ಹೊತ್ತು ಬೇಕಿತ್ತು, ಅಷ್ಟೇ. ಇನ್ನೂ ಒಂದು ವಿಷಯ ಅವನಿಗೆ ಗೊತ್ತಿತ್ತು. ದಿನಾ ಬೆಳಗ್ಗೆ ಅವನು ನಿಂತು ನೋಡುತ್ತಿದ್ದ ದಿಮ್ಮಿಯ ಮೇಲೆ ರಾತ್ರಿ ಮೂಡಿದ ಹೊಸ ಹೆಜ್ಜೆ ಇರುತ್ತಿತ್ತು. ಹೋದ ಹೆಜ್ಜೆ, ಬಂದ ಹೆಜ್ಜೆ. ನರಿಯವು. ಪಕ್ಕದಲ್ಲಿ ಏಡಿಯ ಚಿಪ್ಪು. ಏಡಿ ಸಿಗುವುದು ಆಚೆ ಮಡುವಿನಲ್ಲಿ ಮಾತ್ರ.

ಬಾನಲ್ಲಿ ಮೊದಲ ಮೋಡ ಕಂಡ ದಿನ ಆನೆಯಮ್ಮ ಬಂಡೆಯ ಹತ್ತಿರ ಎಲ್ಲರನ್ನೂ ಸೇರಿಸಿದಳು.

ಮುಸುವ ಕೋತಿ ಎದ್ದಿತು. "ಮತ್ತೆ ಕೇಳಲೇಬೇಕು! ಹೊಂಗೆ ಗೆಲ್ಲೋವರೆಗೂ ಕೇಳ್ತಾನೇ ಇರಬೇಕು!"

"ಗೆದ್ದ ಮೇಲೆ?" ಎಂದಳು ಆನೆಯಮ್ಮ.

"ಗೆದ್ದ ಮೇಲೆ ಯಾಕೆ ಕೇಳಬೇಕು?" ಎಂದಿತು ಮುಸುವ.

ನರಿ ಬಾಲ ಕೊಡವಿತು. "ಕೇಳಿದಿರಾ ಇವನ ನ್ಯಾಯ? ಕಾಡು ಒಂದು ಸಲ ಮಾತಾಡಿದೆ. ಮತ್ತೆ ಕೇಳೋದು ಅಂದ್ರೆ, ನಿಮಗೆಲ್ಲ ಬುದ್ಧಿ ಇರಲಿಲ್ಲ ಅಂದ ಹಾಗೆ. ನಿಮಗೆ ಬುದ್ಧಿ ಇರಲಿಲ್ಲವಾ?"

ಬುದ್ಧಿ ಇರಲಿಲ್ಲ ಎಂದು ಎದ್ದು ನಿಂತು ಹೇಳುವವರು ಯಾರು?

ಮೊಲ ಮಾತ್ರ ಕಿವಿ ಎತ್ತಿತು. "ನೀನೇ ಮೂರು ಸಲ ಕೇಳಿಸಿದೆಯಲ್ಲ ನರಿಯಣ್ಣ?"

"ಅದು ನಾನು ಸೋತಾಗ ಕಣೋ. ಅದು ಬೇರೆ."

"ದಿಮ್ಮಿ ಹೋದರೆ ನಾವು ಓಡಿ ಆಚೆ ದಾಟೋ ಹಾಗಿಲ್ಲ. ನೀನು ಅಟ್ಟಿಸಿಕೊಂಡು ಬಂದಾಗ. ಅದಕ್ಕೇ ತಾನೇ?"

"ಛೆ ಛೆ, ಎಂಥ ಮಾತು! ನಾನು ನಿನ್ನನ್ನು ಅಟ್ಟಿಸಿಕೊಂಡು ಬಂದದ್ದು ಸ್ನೇಹದಿಂದ" ಎಂದಿತು ನರಿ. ಕೆಲವರು ನಕ್ಕರು.

ಆಗ ಬೋರಜ್ಜ ಎದ್ದ. ಏಳುವುದಕ್ಕೇ ಹೊತ್ತಾಯಿತು. "ಮತ್ತೆ ಕೇಳೋದು ಒಳ್ಳೇದು" ಎಂದ.

ನರಿ ಕಣ್ಣು ಕಿರಿದು ಮಾಡಿತು. "ಓಹೋ, ಅಜ್ಜ! ನೀನು ಹುಣಸೆ ಹಾಕಿದವನಲ್ಲವಾ? ನಾನೇ ಕಣ್ಣಾರೆ ನೋಡಿದೆ. ಈಗ ಯಾಕೆ ಮಾತು ತಿರುಗಿಸ್ತೀಯ?"

"ಆಗ ಅವಳಿದ್ದಳು. ಈಗ ಅವಳ ಸುದ್ದಿ ಹೊತ್ತು ಆಚೆ ಹೋಗಬೇಕು" ಎಂದ ಬೋರಜ್ಜ.

ನರಿ ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಬಿಡಲಿಲ್ಲ.

"ಪಾಪ. ಆದರೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಕೆಂಪವ್ವ ಹೊರಗಿನವಳು. ಅವಳ ಹೊಂಗೆ ಬೀಜ ಎಣಿಸಿದ್ದೇ ತಪ್ಪು."

ಬೋರಜ್ಜನ ಬೆನ್ನ ಮುಳ್ಳು ಒಂದೊಂದಾಗಿ ಎದ್ದವು. ಗರಗರ ಸದ್ದಾಯಿತು. ಅವನು ಹಾಗೇ ಕುಳಿತ.

ಆನೆಯಮ್ಮನಿಗೆ ವಯಸ್ಸಾಗಿತ್ತು. ಮೂರು ಸಲ ಎಣಿಸಿ ಸೊಂಡಿಲು ನೊಂದಿತ್ತು. "ಸಾಕು. ಆದದ್ದು ಆಯಿತು. ಮತ್ತೆ ಕೇಳೋದು ಬೇಡ. ಬೋರಜ್ಜ, ಇವತ್ತೇ ಬೇರು ಕಡಿ" ಎಂದಳು.

ಎಲ್ಲರೂ ಬೋರಜ್ಜನ ಮುಖ ನೋಡಿದರು. ಆಗುವುದಿಲ್ಲ ಅನ್ನುತ್ತಾನೆ ಎಂದುಕೊಂಡರು.

"ಸರಿ. ಹೊತ್ತು ಇಳಿಯೋವಾಗ ಶುರು ಮಾಡ್ತೀನಿ. ಎಲ್ಲರೂ ಬರಬೇಕು. ನೋಡಬೇಕು" ಎಂದ.

ನರಿ ಒಳಗೊಳಗೇ ನಕ್ಕಿತು. "ಈ ಮುದುಕ ಕೂತು ಏಳೋದಕ್ಕೇ ಅರ್ಧ ದಿನ. ಆ ಬೇರು ಮುಗಿಸೋದು ನಾಳೆ ಮಧ್ಯಾಹ್ನಕ್ಕೆ. ಅಷ್ಟರಲ್ಲಿ ಕೊನೇ ಸಲ ಏಡಿ ತಿಂದು ಬಂದುಬಿಡೋಣ. ನಾಳೆಯಿಂದ ಮೊಲ ಇದ್ದೇ ಇದೆ." ಹೀಗೆ ಅಂದುಕೊಂಡು ಯಾರೂ ನೋಡದಾಗ ಆಚೆ ದಾಟಿತು.

ಹೊತ್ತು ಇಳಿಯಿತು. ಕಾಡೆಲ್ಲ ಹೊಳೆಯ ದಡದಲ್ಲಿ ನೆರೆಯಿತು. ಬೋರಜ್ಜ ದಿಮ್ಮಿಯ ಮೇಲೆ ಕಣ್ಣಾಡಿಸಿದ. ನರಿ ಹೋದ ಹೆಜ್ಜೆ ಇತ್ತು. ಬಂದ ಹೆಜ್ಜೆ ಇರಲಿಲ್ಲ.

ಬೇರಿಗೆ ಹಲ್ಲು ಹಾಕಿದ.

ಕಟ, ಕಟ, ಕರಕರ. ಸದ್ದು ಹೊಳೆಯುದ್ದಕ್ಕೂ ಹೋಯಿತು. ಸಿಪ್ಪೆ ಚೂರುಚೂರಾಗಿ ಹಾರಿತು. ಅಷ್ಟು ಜೋರಾಗಿ ಬೋರಜ್ಜ ಕಡಿದದ್ದನ್ನು ಯಾರೂ ಕಂಡಿರಲಿಲ್ಲ.

ಆಚೆ ದಡದ ಪೊದೆ ಅಲ್ಲಾಡಿತು. ನರಿ ಹೊರಗೆ ಬಂತು. ಬಾಯಲ್ಲಿ ಏಡಿಯ ಕಾಲು ಇನ್ನೂ ನೇತಾಡುತ್ತಿತ್ತು.

"ಅಯ್ಯೋ! ನಿಲ್ಲಿಸಿ! ನಾನು ಇಲ್ಲಿದ್ದೀನಿ!"

"ಯಾರದು ಆಚೆ ಕಡೆ? ನಮ್ಮ ನರಿಯಣ್ಣನಾ?" ಎಂದಿತು ಮೊಲ. "ಆಚೆಯವರ ಸಹವಾಸ ಬೇಡ ಅಂದವನು?"

"ನಾನು... ನಾನು ಆಚೆಯವರ ಮೇಲೆ ಕಣ್ಣಿಡೋಕೆ ಬಂದಿದ್ದೆ!"

"ಕಣ್ಣಿಡೋಕೆ ಬಂದವನ ಬಾಯಲ್ಲಿ ಏನದು?"

ನರಿ ಏಡಿ ಕಾಲು ಉಗುಳಿತು. ದಿಮ್ಮಿಯ ಮೇಲೆ ಒಂದು ಕಾಲಿಟ್ಟಿತು. ಬೋರಜ್ಜ ಇನ್ನೊಂದು ಸಲ ಕರಕ್ ಎನಿಸಿದ. ನರಿ ಕಾಲು ಹಿಂದೆ ಎಳೆದುಕೊಂಡಿತು.

"ಬೋರಜ್ಜ! ದಮ್ಮಯ್ಯ! ನನ್ನ ಮನೆ, ಮಕ್ಕಳು ಎಲ್ಲ ಆಚೆ... ಅಲ್ಲ, ಈಚೆ... ನಿಮ್ಮ ಕಡೆ ಇದ್ದಾರೆ!"

ಬೋರಜ್ಜ ತಲೆ ಎತ್ತಿದ. "ಕಾಡು ಮಾತಾಡಿದೆ ಅಂದೆಯಲ್ಲಪ್ಪ."

"ಮಾತಾಡಿದ್ದು ತಪ್ಪಿರಬಹುದು! ಇನ್ನೊಂದು ಸಲ ಕೇಳೋಣ! ಇನ್ನೊಂದೇ ಒಂದು ಸಲ!"

ಆನೆಯಮ್ಮ ಕಿವಿ ಅಗಲಿಸಿದಳು. "ಏನಂದೆ? ನನಗೆ ವಯಸ್ಸಾಗಿದೆ. ಜೋರಾಗಿ ಹೇಳು."

"ಮತ್ತೆ ಕೇಳೋಣ ಅಂದೆ! ಎಲ್ಲರನ್ನೂ! ಈಗಲೇ!"

ಗೊರವಂಕ ಮೇಲಿಂದ, "ಹತ್ತರಲ್ಲಿ ಹತ್ತು ಜನ ಕೇಳಬೇಕು ಅಂತಾರೆ! ನರಿಯೂ ಸೇರಿ!" ಎಂದು ಕೂಗಿತು. ಅದು ಹೇಳಿದ್ದರಲ್ಲಿ ಅವತ್ತು ಮೊದಲ ಸಲ ನಿಜ ಇತ್ತು.

ಮತ್ತೆ ಕೇಳಬೇಡಿ ಅನ್ನುತ್ತಿದ್ದವನೇ ಕೇಳಿ ಅಂದ ಮೇಲೆ ಇನ್ನೇನು? ಎಲ್ಲರೂ ಬಂಡೆಗೆ ಓಡಿದರು. ಬೀಜ ಬಿದ್ದವು. ಬೋರಜ್ಜನೂ ಹೊಂಗೆ ಬೀಜ ಹಾಕಿದ. ಆನೆಯಮ್ಮ ಎಣಿಸಿದಳು. ಹುಣಸೆ ಆರು. ಉಳಿದದ್ದೆಲ್ಲ ಹೊಂಗೆ.

"ದಿಮ್ಮಿ ಇರುತ್ತೆ" ಎಂದಳು ಆನೆಯಮ್ಮ, ಎಲ್ಲರ ಜೊತೆ ದಡಕ್ಕೆ ಮರಳಿ. "ನರಿಯಣ್ಣ, ಇನ್ನು ಬಾ."

ನರಿ ಬರಲಿಲ್ಲ. ಅರ್ಧ ಕಡಿದ ಬೇರು ತನ್ನ ಭಾರಕ್ಕೇ ಹೋಗುತ್ತದೆ ಎಂದು ಅದಕ್ಕೆ ಭಯ. ಆಚೆ ದಡದಲ್ಲೇ ಅತ್ತಿಂದಿತ್ತ ಓಡಾಡಿತು. ಅಷ್ಟರಲ್ಲಿ ಆಚೆ ಕಾಡಿನ ಕಾಡುಹಂದಿಗಳು ಮಡುವಿನ ನೀರು ಕುಡಿಯಲು ಬಂದವು. ಏಡಿ ಚಿಪ್ಪಿನ ರಾಶಿ ನೋಡಿದವು. ನರಿಯನ್ನು ನೋಡಿದವು.

"ಈಚೆ ಕಾಡಿನವನು ನೀನು. ಹೊರಗಿನವನಿಗೆ ನಮ್ಮ ಏಡಿ ಯಾಕೆ?" ಎಂದವು.

ಮಾತು ನರಿಯದೇ. ಬಾಯಿ ಮಾತ್ರ ಹಂದಿಯದು. ಹಂದಿಗಳು ಕೋರೆ ಮುಂದೆ ಮಾಡಿ ಬಂದವು. ನರಿ ಬಾಲ ಮುದುರಿಕೊಂಡು ಓಡಿತು. ಎತ್ತ ಓಡಿತೋ, ಈಚೆಯವರು ನೋಡಲಿಲ್ಲ.

ಆನೆಯಮ್ಮ ಬೇರನ್ನು ಸೊಂಡಿಲಿಂದ ಮುಟ್ಟಿ ನೋಡಿದಳು. ಮೇಲಿನ ಸಿಪ್ಪೆ ಹೋಗಿತ್ತು. ಒಳಗಿನ ತಿರುಳಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ.

"ಅಜ್ಜ, ನೀನು ಕಡಿದೇ ಇಲ್ಲವಲ್ಲ?"

"ಸಿಪ್ಪೆ ತೆಗೀತಿದ್ದೆ. ನಂದು ನಿಧಾನ" ಎಂದ ಬೋರಜ್ಜ.

ಮನೆಗೆ ಹೋಗುವ ದಾರಿಯಲ್ಲಿ ಎಲ್ಲರಿಗೂ ಮಾತೋ ಮಾತು. "ನಾನು ಆಗಲೂ ಹೊಂಗೇನೇ ಹಾಕಿದ್ದು" ಎಂದಿತು ಕಡವೆ. "ನಾನೂ ಅಷ್ಟೇ" ಎಂದಿತು ಉಡ. "ನಮ್ಮ ಮನೇಲಿ ಹುಣಸೆ ಬೀಜವೇ ಇಲ್ಲ" ಎಂದಿತು ಕಾಡುಕೋಳಿ. ಹಾಗಾದರೆ ಚಳಿಗಾಲದ ಆ ನಲವತ್ತೊಂದು ಹುಣಸೆ ಬೀಜ ಎಲ್ಲಿಂದ ಬಂದವು? ಯಾರೂ ಕೇಳಲಿಲ್ಲ.

"ಒಂದು ನಂದು. ನಾನು ಹೊಂಗೆ ಹಾಕಿದ್ದರೆ ಸಮ ಆಗ್ತಿತ್ತು" ಎಂದ ಬೋರಜ್ಜ, ಹಿಂದೆ ಉಳಿದು.

ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಹೆಜ್ಜೆ ಜೋರು ಮಾಡಿದರು.

ಬೋರಜ್ಜ ಬಿಲಕ್ಕೆ ಬಂದ. ಕೆಂಪವ್ವ ಮಲಗುತ್ತಿದ್ದ ಕಡೆ ಅವಳ ಮುಳ್ಳೊಂದು ಬಿದ್ದಿತ್ತು. ಕಪ್ಪು ಬಿಳಿ ಪಟ್ಟೆಯದು. ಹದಿನೈದು ದಿನದಿಂದ ಅವನು ಅದನ್ನು ಮುಟ್ಟಿರಲಿಲ್ಲ.

ಮಾರನೆಯ ಬೆಳಗ್ಗೆ ಆ ಮುಳ್ಳನ್ನು ಬಾಯಲ್ಲಿ ಕಚ್ಚಿಕೊಂಡು ದಿಮ್ಮಿಯ ಬುಡಕ್ಕೆ ಹೋದ. ನಿಂತ. ನೋಡಿದ. ಈ ಸಲ ವಾಪಸ್ ಬರಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ದಾಟಿದ. ಆಚೆ ಅತ್ತಿಮರದ ಕೆಳಗೆ ನಾದಿನಿ ಹಣ್ಣು ಆಯುತ್ತಿದ್ದಳು. ಅವನನ್ನು ನೋಡಿ ನಕ್ಕಳು.

"ಬನ್ನಿ ಭಾವ. ಏನು ಒಬ್ಬರೇ ಬಂದಿರಿ? ಅಕ್ಕ ಎಲ್ಲಿ?"

ಬೋರಜ್ಜ ಮುಳ್ಳನ್ನು ಅವಳ ಮುಂದೆ ಇಟ್ಟ. ಮೊದಲು ಹುಣಸೆ ಬೀಜದ ವಿಷಯ ಹೇಳಿದ. ಆಮೇಲೆ ಕೆಂಪವ್ವನ ವಿಷಯ ಹೇಳಿದ.

ನೀತಿ: ತಪ್ಪಿ ಒಪ್ಪಿದ್ದನ್ನು ಮತ್ತೆ ಕೇಳಿ ಸರಿಮಾಡಿಕೊಳ್ಳುವುದು ನಾಚಿಕೆಯಲ್ಲ, ಮತ್ತೆ ಕೇಳಲೇಬಾರದು ಎಂದು ಕೂಗುವವನ ಹೆಜ್ಜೆ ಎತ್ತ ಹೋಗಿದೆ ಎಂದು ಮೊದಲು ನೋಡಬೇಕು.