ಕವುಚಿದ ಬಟ್ಟಲು, ತಲೆಕೆಳಗಾದ ಕಾಳು

“ದೊರೆ ವೀರಕೇತುವಿನ ಮೂರು ಒಗಟು ಒಡೆದವರಿಗೆ ರಾಜಕುಮಾರಿಯ ಗುರುಪೀಠ, ತಪ್ಪಿದವರಿಗೆ ಹುಣ್ಣಿಮೆಯ ದಿನ ತಲೆದಂಡ” ಎಂದು ಊರೆಲ್ಲ ಡಂಗುರವಾಯಿತು. ಎಳೆಯ ರಾಜಕುಮಾರಿ ಚಂಪಕಮಾಲೆ ಪಾಠವನ್ನು ಗಿಣಿಯಂತೆ ಒಪ್ಪಿಸುತ್ತಿದ್ದಳು, ಆದರೆ ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ದೊರೆಗೆ ಅದೇ ಕೊರಗು.

“ಬಟ್ಟಲಿನ ತಳಕ್ಕೆ ಅರಳೆ ಅಂಟಿಸಿ, ಕವುಚಿ ನೀರಲ್ಲಿ ಮುಳುಗಿಸಿದೆ. ಅರಳೆ ನೆನೆಯಲಿಲ್ಲ. ಕಾದವರು ಯಾರು?” ಎಂಬುದೇ ಮೊದಲನೆಯದು. ಒಬ್ಬ ಪಂಡಿತರು ಮೇಣ ಎಂದರು. ನಂಜುಂಡ ಶಾಸ್ತ್ರಿಗಳು ವರುಣನ ಕೃಪೆ ಎಂದರು. “ಕೃಪೆ ನನಗೂ ಗೊತ್ತು, ಶಾಸ್ತ್ರಿಗಳೇ. ಒಳಗೆ ಇದ್ದದ್ದು ಏನು?” ಎಂದ ದೊರೆ ಇಬ್ಬರನ್ನೂ ಸೆರೆಗೆ ಕಳಿಸಿದ.

ಗುಡಿಗೆ ಹೂ ಕಟ್ಟುವ ಬೊಮ್ಮಣ್ಣ ಸುದ್ದಿ ಕೇಳಿ ತಳಮಳಗೊಂಡ. ಮಾತುಮಾತಿಗೆ ‘ಯಾಕೆ’ ಎನ್ನುತ್ತಾನೆಂದು ಶಾಸ್ತ್ರಿಗಳು ಅವನನ್ನು ಪಾಠಶಾಲೆಯಿಂದ ಹೊರಗೆ ಹಾಕಿದ್ದರು. ಆದರೂ ಅಕ್ಷರ ತಿದ್ದಿಸಿದ ಕೈ ಅದು. ಶಿವನಿಗೆ ಕೈಮುಗಿದು ಅರಮನೆಗೆ ನಡೆದ.

ಒಗಟು ಕೇಳಿ, “ನನಗೆ ಗೊತ್ತಿಲ್ಲ ಪ್ರಭು, ಮಾಡಿ ನೋಡಲೇ?” ಎಂದ. ಸಭೆ ನಕ್ಕಿತು. ಬಲ್ಲವರು ಬಾಯಲ್ಲಿ ಹೇಳಬೇಕು, ಕೈಯಾಡಿಸಬಾರದು ಎಂಬುದು ಆ ಆಸ್ಥಾನದ ರೂಢಿ. ಡಂಗುರದಲ್ಲಿ ಮಾತ್ರ ಹಾಗೇನೂ ಇರಲಿಲ್ಲ. ಬಟ್ಟಲನ್ನು ನೀರೊಳಗೆ ಓರೆ ಮಾಡಿದೊಡನೆ ಗುಳ್ಳೆಗಳೆದ್ದವು, ಅರಳೆ ನೆನೆಯಿತು. “ಒಳಗೆ ಗಾಳಿಯಿತ್ತು. ಅದು ಜಾಗ ಬಿಡುವ ತನಕ ನೀರಿಗೆ ಪ್ರವೇಶವಿಲ್ಲ.”

“ಕಾಳನ್ನು ತಲೆಕೆಳಗಾಗಿ ನೆಟ್ಟರೆ ಬೇರು ಎತ್ತ ಹೋಗುತ್ತದೆ?” ಎಂದ ದೊರೆ. ಬೊಮ್ಮಣ್ಣ ಒದ್ದೆಬಟ್ಟೆ ಸುತ್ತಿದ ಮಡಕೆಗೆ ಅವರೆಕಾಳುಗಳನ್ನು ಬಗೆಬಗೆಯಾಗಿ ತಿರುಗಿಸಿ ಕಟ್ಟಿದ. ನೀರು ಚಿಮುಕಿಸುವ ಕೆಲಸವನ್ನು ರಾಜಕುಮಾರಿಗೆ ಒಪ್ಪಿಸಿದ. ಹುಣ್ಣಿಮೆಯೊಳಗೆ ಮೊಳೆಯಬೇಕು, ಇಲ್ಲವಾದರೆ ಗುರುಗಳ ತಲೆಯೂ ಹೋಯಿತು, ತನ್ನದೂ ಹೋಯಿತು. ದೇವರ ದಯೆ, ಹುಣ್ಣಿಮೆಯ ಬೆಳಗ್ಗೆ ಎಲ್ಲ ಬೇರುಗಳೂ ಬಾಗಿ ನೆಲದತ್ತಲೇ ಇಳಿದಿದ್ದವು.

“ಕೊನೆಯದು,” ಎಂದ ದೊರೆ. “ಮಕ್ಕಳು ಹುಟ್ಟುತ್ತಲೇ ತರುತ್ತಾರೆ. ಗದರಿದರೆ ಸಾಯುತ್ತದೆ, ಆದರಿಸಿದರೆ ಮರಿ ಹಾಕುತ್ತದೆ. ನನ್ನ ಪಂಡಿತರ ಬಳಿ ಇಲ್ಲ. ಏನದು?”

ಬೊಮ್ಮಣ್ಣ ಕಣ್ಣುಮುಚ್ಚಿ ಶಿವನನ್ನು ನೆನೆದ. ಆಗ ಮಡಕೆಯ ಪಕ್ಕದಿಂದ ರಾಜಕುಮಾರಿಯ ಸಣ್ಣ ದನಿ ಬಂತು:

“ಅಣ್ಣಾ, ಕತ್ತಲೆಯಲ್ಲಿಟ್ಟರೂ ಬೇರಿಗೆ ಕೆಳಗೆ ಯಾವುದು ಅಂತ ಗೊತ್ತಾಗುತ್ತಾ?”

ದೊರೆ ಸಿಂಹಾಸನದಿಂದ ಎದ್ದುನಿಂತ.

“ಉತ್ತರ ಅಮ್ಮಣ್ಣಿಯ ಬಾಯಿಂದಲೇ ಬಂತು, ಪ್ರಭು. ಪ್ರಶ್ನೆ,” ಎಂದ ಬೊಮ್ಮಣ್ಣ.

ಗುರುಪೀಠದ ಜೊತೆಗೆ ಇನ್ನೇನು ಬೇಕೆಂದು ದೊರೆ ಕೇಳಿದಾಗ ಅವನು ಬೇಡಿದ್ದು ಪಂಡಿತರ ಬಿಡುಗಡೆಯನ್ನು. ಸೆರೆಯಿಂದ ಬಂದ ಶಾಸ್ತ್ರಿಗಳು ನಡೆದದ್ದನ್ನೆಲ್ಲ ಕೇಳಿ ತಿಳಿದು, ಶಿಷ್ಯನ ತಲೆ ನೇವರಿಸಿ, ಮಡಕೆಯತ್ತ ನೋಡಿ ಕೇಳಿದರು: “ಕತ್ತಲೆಯಲ್ಲಿಟ್ಟರೆ ಏನಾಗುತ್ತದಯ್ಯಾ?”

“ನನಗೂ ಗೊತ್ತಿಲ್ಲ ಗುರುಗಳೇ. ಇಟ್ಟು ನೋಡೋಣ.”

ಹೊಸ ಕಾಳು ಕಟ್ಟಿದ ಮಡಕೆಯನ್ನು ಕತ್ತಲೆಕೋಣೆಗೆ ಹೊತ್ತೊಯ್ದವರು ಶಾಸ್ತ್ರಿಗಳೇ. ಹಿಂದೆ ರಾಜಕುಮಾರಿ ನೀರು ಹಿಡಿದು ನಡೆದಳು. ಕಣ್ಣು ಕೊಟ್ಟ ಭಗವಂತ ನಮ್ಮ ಮಕ್ಕಳ ಕುತೂಹಲವನ್ನೂ ಕಾಯಲಿ.