ಎಲ್ಲ ಕ್ಷೇಮ ಎಂದ ಯಂತ್ರ

"ಕೇಳಿರಯ್ಯಾ ಕೇಳಿ! ಕಲ್ಲೂರುಗಡದ ದೊರೆ ಸಿರುಮಪ್ಪನಾಯಕರು ಮೂರು ಒಗಟು ಇಟ್ಟಿದ್ದಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ!"

ಹೀಗೆ ಡಂಗುರ ಸಾರಿದ್ದು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮಿನುಗುತ್ತಿದ್ದ ಕಾಲದಲ್ಲಿ. ಈಗಿನ ಹಾಗೆ ಚಿತ್ರ ಒತ್ತಿದರೆ ಕೆಲಸವಾಗುತ್ತಿರಲಿಲ್ಲ. ಕಂಪ್ಯೂಟರಿಗೆ ಏನೇನು ಮಾಡಬೇಕೆಂದು ಸಾಲುಸಾಲಾಗಿ ಬರೆದಿಡಬೇಕಿತ್ತು. ಆ ಬರಹ ಶೆಲ್ ಸ್ಕ್ರಿಪ್ಟ್; ಅದರೊಳಗೆ ಒಂದು ಕೆಲಸಕ್ಕೆಂದು ಹೆಸರಿಟ್ಟು ಕಟ್ಟಿದ ಸಾಲುಗಳು ಫಂಕ್ಷನ್. ಯಾರು ಏನೇ ಅನ್ನಲಿ, ನನಗೆ ಆ ಕಾಲವೇ ಚಂದ.

ಅರಮನೆಯಲ್ಲಿ ಅದನ್ನೆಲ್ಲ ರಾಣಿಯೇ ಬರೆಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ, ಅವಳ ದನಿಯಲ್ಲಿದ್ದ ಹಾಡುಗಳನ್ನು ಹೊಸ ಡಿಸ್ಕಿಗೆ ಸಾಗಿಸಲು ದೊರೆ ಅವಳದೇ ಫಂಕ್ಷನ್ ಓಡಿಸಿದ. ಯಂತ್ರ 'ಎಲ್ಲ ಕ್ಷೇಮ' ಎಂದಿತು. ತೆರೆದು ನೋಡಿದರೆ ಹೊಸದೂ ಖಾಲಿ, ಹಳೆಯದೂ ಖಾಲಿ. ತಪ್ಪು ಯಾರದೆಂದು ತಿಳಿಯದೆ ದೊರೆಗೆ ನಿದ್ದೆಯಿಲ್ಲ. ಅದಕ್ಕೇ ಈ ಒಗಟುಗಳು.

ಪರವೂರಿನ ಪಂಡಿತನೊಬ್ಬ ಮೊದಲ ಒಗಟಿಗೇ ತಡವರಿಸಿದ. ಮಂತ್ರಿಯ ಅಳಿಯ ಎರಡನ್ನು ದಾಟಿ, ಮೂರನೆಯದಕ್ಕೆ ರಾಣಿಯ ಬರಹವೇ ತಪ್ಪು ಎಂದುಬಿಟ್ಟ. ಶುಕ್ರವಾರ ಇಬ್ಬರ ತಲೆಯೂ ಹಾರಬೇಕಿತ್ತು. ಆಗ ಮುಂದೆ ಬಂದವಳು ನೀರು ಹೊರುವ ಹುಲಿಗೆವ್ವ. ಯಂತ್ರದ ಕೋಣೆ ತಂಪಾಗಿರಲೆಂದು ಲಾವಂಚದ ತಟ್ಟಿಗೆ ನೀರು ಚಿಮುಕಿಸಲು ಬರುತ್ತಿದ್ದ ಅವಳಿಗೆ ರಾಣಿ ಹಸಿರು ಅಕ್ಷರ ಓದುವುದನ್ನು ಕಲಿಸಿದ್ದಳು. ಸಭೆ ಮುಸಿಮುಸಿ ನಕ್ಕಿತು.

ದೊರೆ ಕೇಳಿದ: "ಒಬ್ಬ ಆಳು ಹೊಸ ಪೆಟ್ಟಿಗೆ ತುಂಬುತ್ತಾನೆ, ಹಳೆಯದನ್ನು ಖಾಲಿ ಮಾಡುತ್ತಾನೆ, 'ಆಯಿತು' ಎಂದು ಕೂಗುತ್ತಾನೆ. ತುಂಬುವುದು ಕೆಟ್ಟರೂ ಒಳ್ಳೆಯ ಸುದ್ದಿಯೇ ಬಂತು. ಸುಳ್ಳು ಯಾರದು?"

ಯಾರದೂ ಅಲ್ಲ ಎಂದಳು ಹುಲಿಗೆವ್ವ. ಆಳೆಂದರೆ ಫಂಕ್ಷನ್; ಅದು ತನ್ನ ಕೊನೆಯ ಸಾಲಿನ ಸುದ್ದಿಯನ್ನಷ್ಟೇ ತರುತ್ತದೆ. ಕೊನೆಯ ಸಾಲು ಕೂಗುವುದು, ಕೂಗು ಸರಿಯಾಗೇ ಆಯಿತು.

"ಮೂವರು ಕೈಯಿಂದ ಕೈಗೆ ಸಾಗಿಸುತ್ತಾರೆ. ಮೊದಲನೆಯವನು ಸೋತದ್ದು ಮೂರನೆಯವನಿಗೆ ಗೊತ್ತಿಲ್ಲ. ನಾನು ಯಾರನ್ನು ಕೇಳಲಿ?"

ಇದಕ್ಕೆ ಅವಳಿಗೆ ನಗುವೇ ಬಂತು. ಕೈಯಿಂದ ಕೈಗೆ ನೀರು ಸಾಗಿಸುವಾಗ ಬಾವಿಯ ಹತ್ತಿರದವಳ ಕೊಡ ಒಡೆದರೂ ತೊಟ್ಟಿಯ ಹತ್ತಿರದವಳು ಬಂದಷ್ಟು ಸುರಿದು ಹೋಗುತ್ತಾಳೆ. ಕೊನೆಯವಳೊಬ್ಬಳನ್ನೇ ಕೇಳಿದರೆ ಸಾಲದು. ಒಬ್ಬರು ಸೋತರೂ ಇಡೀ ಸಾಲು ಸೋತಂತೆ ಎಂದು ಮೊದಲೇ ಬರೆದಿಡಬೇಕು ಎಂದಳು.

ದೊರೆಯ ದನಿ ತಗ್ಗಿತು. "ಎಡವಿದಲ್ಲೇ ನಿಲ್ಲು ಎಂದು ರಾಣಿ ತನ್ನ ಆಳಿಗೆ ಎಲ್ಲಕ್ಕೂ ಮೇಲೆ ಬರೆದಿದ್ದಳು. ಅವನು ವರ್ಷಗಟ್ಟಲೆ ಹಾಗೇ ನಿಂತ. ಒಂದು ದಿನ ಮಾತ್ರ ಎಡವಿಯೂ ನಡೆದ. ಏಕೆ?"

ಉತ್ತರ ಹುಲಿಗೆವ್ವನಿಗೆ ಗೊತ್ತಿತ್ತು. ಅದು ಸಿಂಹಾಸನದತ್ತ ಬೆರಳು ತೋರುತ್ತಿತ್ತು. ಹೇಳಿದರೂ ತಲೆ ಹೋದೀತು, ಹೇಳದಿದ್ದರೂ ಹೋದೀತು. ರಾಣಿಯ ಮೇಲೆ ತಪ್ಪು ಹೊರಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಧಣ್ಯಾರ, ಆವತ್ತು ಆಳನ್ನ ಯಾರೋ 'ಇಫ್' ಅಂತ ಹಚ್ಚಿ ಕರದಾರ್ರಿ. ಆದ್ರ ಹೇಳು, ಆಗದಿದ್ರ ನಾ ನೋಡ್ಕೋತೀನಿ ಅಂದಂಗ ಅದು. ನೋಡಾಕ ಕರದವ್ರು ಅದಾರಲ್ಲ ಅಂತ ಆಳು ನಿಲ್ಲೋದು ಬಿಡ್ತಾನ. ರಾಣಿ ಅವ್ವಾರ ಬರಹದಾಗ ಆ 'ಇಫ್' ಇರಲಿಲ್ರಿ."

ದೊರೆ ಸಿಂಹಾಸನದಿಂದ ಕೆಳಗಿಳಿದ.

"ಅದನ್ನು ಸೇರಿಸಿದವನು ನಾನೇ," ಎಂದ. "ಅವಳ ಹಾಡು, ಕೆಟ್ಟರೆ ಕೂಡಲೇ ತಿಳಿಯಲಿ, ಜೋಪಾನವಾಗಲಿ ಎಂದು ಸೇರಿಸಿದೆ."

ಬೇಕಾದ್ದನ್ನು ಕೇಳು ಎಂದಾಗ ಹುಲಿಗೆವ್ವ ಸೆರೆಯಲ್ಲಿದ್ದ ಇಬ್ಬರ ಪ್ರಾಣಭಿಕ್ಷೆಯನ್ನೂ, ಯಂತ್ರದ ಮುಂದಿನ ಕುರ್ಚಿಯನ್ನೂ ಕೇಳಿದಳು. ಎರಡೂ ಸಿಕ್ಕವು. ಅವಳು ಫಂಕ್ಷನ್ನನ್ನು ಹೊಸದಾಗಿ ಬರೆದಳು: ಯಾರು ಹೇಗೇ ಕರೆಯಲಿ, ಒಂದು ಹೆಜ್ಜೆ ಕೆಟ್ಟರೆ ಮುಂದಿನದಕ್ಕೆ ಕೈಹಾಕದೆ, ಸೋತೆನೆಂದು ಅಲ್ಲಿಂದಲೇ ಮರಳಬೇಕು.

ರಾಣಿಯದೆಂದು ಇನ್ನು ಉಳಿದಿದ್ದದ್ದು ಅವಳು ಯಂತ್ರದಲ್ಲೇ ದೊರೆಗೆ ಬರೆದಿಟ್ಟ ಓಲೆಗಳು. ಅವನ್ನು ಹೊಸ ಡಿಸ್ಕಿಗೆ ಸಾಗಿಸಹೊರಟ ದಿನ ಪರದೆಯ ಮೇಲೆ ಮೂಡಿತು: 'ತುಂಬಲು ಆಗಲಿಲ್ಲ. ನಿಂತಿದ್ದೇನೆ.' ಆಸ್ಥಾನಿಕರ ಮುಖ ಬಿಳಿಚಿತು. ದೊರೆ ಹಳೆಯ ಡಿಸ್ಕ್ ತೆರೆದ. ಒಂದೂ ಅಳಿದಿರಲಿಲ್ಲ. ಅವನು ಹುಲಿಗೆವ್ವನ ಪಕ್ಕಕ್ಕೆ ಒಂದು ಮಣೆ ಎಳೆದುಕೊಂಡು ಕುಳಿತು, ಮೊದಲ ಓಲೆಯನ್ನು ಗಟ್ಟಿಯಾಗಿ ಓದತೊಡಗಿದ.