ರೋಮ್ ಬಿದ್ದ ಸುದ್ದಿ ಬಂದ ದಿನ

ಕೇತ ಓಡಿಬರುತ್ತಿದ್ದ.

ಏಳು ವರ್ಷದಿಂದ ಆಶ್ರಮದಲ್ಲಿದ್ದ ಈ ಶಿಷ್ಯ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಊಟಕ್ಕೆ ಕರೆದರೂ ನಡೆದೇ ಬರುವ ಆಸಾಮಿ. ಆದರೆ ಆ ದಿನ ಬಂದರಿನಿಂದ ಆಶ್ರಮದವರೆಗೆ ಎಲ್ಲೂ ನಿಲ್ಲದೆ ಓಡಿದ್ದ. ಕೈಯಲ್ಲಿ ತಾಳೆಗರಿಯ ಕಟ್ಟು ಇತ್ತು, ಹೊಟ್ಟೆಯಲ್ಲಿ ತಡೆಯಲಾಗದ ಸುದ್ದಿ ಇತ್ತು.

ಆಶ್ರಮ ಇದ್ದದ್ದು ಹೊಳೆ ಸಮುದ್ರ ಸೇರುವಲ್ಲಿ. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಭತ್ತದ ಗದ್ದೆ, ನಡುವೆ ಮಣ್ಣಿನ ಒಡ್ಡು. ನಲವತ್ತು ಜನರ ವರ್ಷದ ಅನ್ನ ಆ ಒಂದೇ ಗದ್ದೆಯಿಂದ ಬರಬೇಕು. ಭತ್ತ ಆಗತಾನೇ ಹಾಲುಗಟ್ಟುತ್ತಿತ್ತು. ಈಗ ಉಪ್ಪುನೀರು ಒಳಗೆ ನುಗ್ಗಿದರೆ ಆ ವರ್ಷ ಎಲ್ಲರಿಗೂ ಉಪವಾಸವೇ.

ಗುರು ನಾಗಾರ್ಯರು ಒಬ್ಬರೇ ಒಡ್ಡಿನ ಮೇಲೆ ಕೂತಿದ್ದರು. ಒಂದು ಕಾಲು ಮಡಚಿ, ಇನ್ನೊಂದನ್ನು ಹೊಳೆಯ ಕಡೆಗೆ ಇಳಿಬಿಟ್ಟಿದ್ದರು. ಹುಣ್ಣಿಮೆಯ ಮಧ್ಯಾಹ್ನ, ಉಬ್ಬರದ ನೀರು ಏರುತ್ತಿತ್ತು. ಬಿಸಿಲಿಗೆ ಕಾಲು ತಂಪು ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡ ಕೇತ.

"ಬಂದೆಯಾ?" ಎಂದರು ಗುರುಗಳು. "ಗುದ್ದಲಿ ತಂದು ಇಲ್ಲಿ ನಾಲ್ಕು ಬುಟ್ಟಿ ಮಣ್ಣು ಹಾಕು."

"ಹಾಕ್ತೇನೆ ಗುರುಗಳೇ. ಮೊದಲು ಇದನ್ನ ಕೇಳಿ. ರೋಮ್ ಬಿತ್ತು."

ಗುರುಗಳ ಹುಬ್ಬು ಮೇಲೇರಿತು. ಅವರಿಗೂ ಕುತೂಹಲವೇನು ಕಡಿಮೆ ಇರಲಿಲ್ಲ.

"ಮೆಣಸಿಗಾಗಿ ಇಲ್ಲಿವರೆಗೂ ಹಡಗು ಕಳಿಸ್ತಿದ್ದರಲ್ಲ, ಆ ರೋಮೇ?"

"ಅದೇ. ಉತ್ತರದ ಕಾಡಿನ ಕಡೆಯವರು ಬಂದು ಊರನ್ನ ಮುತ್ತಿದರಂತೆ. ಬಿಟ್ಟು ಹೋಗೋದಕ್ಕೆ ಏನು ಕೇಳಿದರು ಗೊತ್ತಾ? ಚಿನ್ನ, ಬೆಳ್ಳಿ, ರೇಷ್ಮೆ, ಮತ್ತೆ ಮೆಣಸು. ನಮ್ಮ ಕಡೆಯ ಮೆಣಸು, ಗುರುಗಳೇ. ಎಲ್ಲಾ ಕೊಟ್ಟರಂತೆ. ಆದರೂ ಎರಡೇ ವರ್ಷಕ್ಕೆ ಮತ್ತೆ ಬಂದು ಊರು ಕೊಳ್ಳೆ ಹೊಡೆದರಂತೆ."

"ರುಚಿ ಹತ್ತಿರಬೇಕು," ಎಂದು ಗುರುಗಳು ನಕ್ಕರು. "ಮಣ್ಣು ತಾ, ಕೇತಾ."

"ತರ್ತೇನೆ. ಆದರೆ ಯಾಕೆ ಬಿತ್ತು, ಅದು ಮುಖ್ಯ ಅಲ್ವಾ? ಸುಮ್ಮನೆ ಬೀಳೋ ರಾಜ್ಯವೇ ಅದು? ಬೆಳಗಿನ ಜಾವವೇ ಬಂದರಿಗೆ ಹೋಗಿ ಏಳು ನಾವಿಕರನ್ನ ಕೇಳಿದೆ. ಏಳು ಜನ ಏಳು ಕಾರಣ ಹೇಳಿದರು. ಇದರಲ್ಲಿ ಮೂಲ ಯಾವುದು ಅಂತ ನೀವು ಹೇಳಿಬಿಟ್ಟರೆ, ನಾಳೆ ಸಭೆಯಲ್ಲಿ ನಾನು ಎದ್ದು ನಿಂತು..."

ನಾಳೆಯ ಸಭೆ ಅವನ ಕಣ್ಣಮುಂದೆ ಆಗಲೇ ನೆರೆದಿತ್ತು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಕೇತ ಏಳನ್ನೂ ಬರೆದುಕೊಂಡಿದ್ದ ಗರಿಯ ಕಟ್ಟು ಬಿಚ್ಚಿದ.

"ಮೊದಲನೆಯವನು ಹೇಳಿದ್ದು, ಗಡಿ ಕಾಯೋ ಕೆಲಸವನ್ನ ಹೊರಗಿನವರಿಗೆ ಒಪ್ಪಿಸಿದರು ಅಂತ. ಇನ್ನೊಬ್ಬ ಹೇಳಿದ, ಅಲ್ಲಿ ಸೈನ್ಯವೇ ರಾಜನನ್ನ ಕೂರಿಸೋದು, ಸೈನ್ಯವೇ ಕೊಲ್ಲೋದು. ಒಂದೇ ವರ್ಷದಲ್ಲಿ ಆರು ಜನ ರಾಜರು ಆಗಿದ್ದೂ ಉಂಟಂತೆ."

"ಅಬ್ಬಾ," ಎಂದರು ಗುರುಗಳು. ನೀರು ಅವರ ಮೊಣಕಾಲು ಮುಟ್ಟಿತ್ತು.

"ಮೂರನೆಯದು ಪಿಡುಗು. ನಾಲ್ಕನೆಯದು, ರಾಜ್ಯ ತೀರಾ ದೊಡ್ಡದಾಗಿ ಎರಡು ಭಾಗ ಮಾಡಿಕೊಂಡರು. ಆಮೇಲೆ ಇವರ ಕಷ್ಟಕ್ಕೆ ಅವರು ಬರಲಿಲ್ಲ."

"ಒಳ್ಳೆ ಕಾರಣಗಳೇ. ಊರು ಬೀಳುವಾಗ ಅಲ್ಲಿನ ಪಂಡಿತರು ಏನು ಮಾಡ್ತಿದ್ದರಂತೆ?"

"ಅದನ್ನೂ ಕೇಳಿದೆ. ವಾದ ಮಾಡ್ತಿದ್ದರಂತೆ. ಹಳೇ ದೇವರನ್ನ ಬಿಟ್ಟದ್ದಕ್ಕೆ ಹೀಗಾಯ್ತು ಅಂತ ಕೆಲವರು, ಹೊಸ ದೇವರನ್ನ ಸರಿಯಾಗಿ ಹಿಡಿಯದ್ದಕ್ಕೆ ಅಂತ ಕೆಲವರು. ಅದು ಐದನೆಯ ಕಾರಣ."

"ಕೇತಾ, ಮಣ್ಣು."

"ಇನ್ನು ಎರಡೇ ಇವೆ, ಗುರುಗಳೇ."

ನಾಗಾರ್ಯರು ಮತ್ತೆ ಕೇಳಲಿಲ್ಲ. ನೀರಿನಲ್ಲಿದ್ದ ಕಾಲನ್ನು ಮೇಲೆತ್ತಿದರು, ಅಷ್ಟೇ.

ಗದ್ದೆಯ ಕಡೆಯಿಂದ ಬುಸ್ ಎಂದು ಸದ್ದು ಬಂತು. ಒಡ್ಡಿನ ಬುಡದಲ್ಲಿ ಮುಷ್ಟಿಗಾತ್ರದ ತೂತಿನಿಂದ ನೀರು ಚಿಮ್ಮುತ್ತಿತ್ತು. ಸುತ್ತಲಿನ ಮಣ್ಣು ಹೆಂಟೆ ಹೆಂಟೆಯಾಗಿ ಕಳಚುತ್ತಿತ್ತು. ಹತ್ತಿರದ ತೆನೆಗಳು ಆಗಲೇ ಉಪ್ಪುನೀರಿನಲ್ಲಿ ಮಲಗಿದ್ದವು.

ಗುರುಗಳು ಕಾಲನ್ನು ಮತ್ತೆ ಇಳಿಸಿ, ಹೊಳೆಯ ಕಡೆಗಿದ್ದ ಬಿಲದ ಬಾಯೊಳಕ್ಕೆ ಒತ್ತಿದರು. ನೀರು ನಿಂತಿತು.

"ಏಡಿ ತೋಡಿದ ಬಿಲ," ಎಂದರು. "ಬೆಳಗ್ಗೆ ನೋಡಿದಾಗ ಹೆಬ್ಬೆರಳಷ್ಟಿತ್ತು. ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಬಿಟ್ಟು ಬರುವ ಹಾಗೂ ಇರಲಿಲ್ಲ."

ಕೇತನಿಗೆ ಸಿಟ್ಟು ನೆತ್ತಿಗೇರಿತು.

"ಇವತ್ತು ಒಡ್ಡು ಕಾಯೋ ಪಾಳಿ ಯಾರದು? ಯಾವ ಸೋಮಾರಿ ಇದನ್ನ ನೋಡದೇ ಹೋದ?"

ಗುರುಗಳು ಅವನ ಮುಖವನ್ನೇ ನೋಡಿದರು.

ಪಾಳಿ ಕೇತನದೇ.

"ಆದರೆ ನಾನು ಹೂ ಇಟ್ಟೇ ಹೋಗಿದ್ದೆನಲ್ಲ ಗುರುಗಳೇ," ಎಂದ ಮೆಲ್ಲಗೆ.

ಅವನು ಹೇಳಿದ್ದು ಸುಳ್ಳಲ್ಲ. ಆಶ್ರಮ ಕಟ್ಟಿದ ಮೊದಲ ಗುರುಗಳು ದಿನಾ ಬೆಳಗ್ಗೆ ಗುದ್ದಲಿ ಹೆಗಲಿಗೇರಿಸಿ ಒಡ್ಡಿನುದ್ದಕ್ಕೂ ನಡೆದು ಏಡಿಬಿಲ ಮುಚ್ಚುತ್ತಿದ್ದರು. ಅವರು ಹೋದ ಮೇಲೆ ಶಿಷ್ಯರು ಪಾಳಿಯ ಪ್ರಕಾರ ಅದೇ ಗುದ್ದಲಿ ಹಿಡಿದು ನಡೆದರು. ಅದರ ಮೇಲೆ ಭಕ್ತಿ ಬೆಳೆಯಿತು. ಅಷ್ಟು ಪೂಜ್ಯವಾದದ್ದನ್ನು ಕೆಸರಿಗೆ ಹಾಕುವುದು ಹೇಗೆ ಎಂದು ಯಾರಿಗೋ ಅನ್ನಿಸಿತು. ಗುದ್ದಲಿ ಗುಡಿ ಸೇರಿತು. ಹಿಡಿಯುವ ಕಾವಿಗೆ ರೇಷ್ಮೆ ಸುತ್ತಿದರು. ಈಗ ಪಾಳಿ ಎಂದರೆ ಬೆಳಗ್ಗೆ ಅದಕ್ಕೊಂದು ದಾಸವಾಳ ಇಟ್ಟು ಕೈಮುಗಿಯುವುದು. ಕೇತ ಆ ದಿನವೂ ಒಳ್ಳೇ ಹೂವನ್ನೇ ಆರಿಸಿ ಇಟ್ಟಿದ್ದ.

"ಬೇರೆ ಗುದ್ದಲಿ ಇದೆಯಾ?" ಎಂದು ಕೇಳಿದ.

"ನೀನು ಕಂಡಿದ್ದೀಯಾ?"

ಕಂಡಿರಲಿಲ್ಲ. ನೀರು ಈಗ ಗುರುಗಳ ತೊಡೆಯವರೆಗೆ ಬಂದಿತ್ತು. ಎಪ್ಪತ್ತು ದಾಟಿದ ಕಾಲು ನಡುಗುತ್ತಿತ್ತು.

ಕೇತ ಗರಿಗಳನ್ನು ಅಲ್ಲೇ ಬಿಟ್ಟು ಓಡಿದ. ಬಂದರಿನಿಂದ ಓಡಿದ್ದು ಇದರ ಮುಂದೆ ಏನೂ ಅಲ್ಲ.

ಗುಡಿಯ ಬಾಗಿಲಲ್ಲಿ ಹಿರಿಯ ಶಿಷ್ಯ ಬೊಮ್ಮಣ್ಣ ಕೂತು ಮಾಲೆ ಕಟ್ಟುತ್ತಿದ್ದ. ಕೇತ ಅವನನ್ನು ದಾಟಿ ಒಳಗೆ ನುಗ್ಗಿ, ಗುದ್ದಲಿ ಕೈಗೆತ್ತಿಕೊಂಡ. ಕುಂಕುಮ ಉದುರಿತು, ಹೂ ಉರುಳಿತು.

"ಹುಚ್ಚು ಹಿಡಿಯಿತೇನೋ ನಿನಗೆ? ಅದು ಮೊದಲ ಗುರುಗಳದು."

"ಒಡ್ಡೂ ಅವರದೇ, ಬೊಮ್ಮಣ್ಣ. ಒಡೀತಾ ಇದೆ. ಎಲ್ಲರನ್ನೂ ಕರೆದುಕೊಂಡು ಬಾ."

ಬೊಮ್ಮಣ್ಣ ಕೈಯಲ್ಲಿದ್ದ ಮಾಲೆ ಬಿಟ್ಟು, ಹೂವಿನ ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿ, ಖಾಲಿ ಬುಟ್ಟಿ ಎತ್ತಿಕೊಂಡು ಹಿಂದೆಯೇ ಓಡಿದ. ಅವನನ್ನು ಕಂಡು ಅಡುಗೆಯವರು ಓಡಿದರು, ಪಾಠ ಓದುತ್ತಿದ್ದವರು ಓಡಿದರು.

ಕೇತ ಗುದ್ದಲಿ ಬೀಸಿದ. ಮೊದಲ ಏಟಿಗೆ ತುಕ್ಕು ಉದುರಿತು. ಎರಡನೆಯದಕ್ಕೆ ರೇಷ್ಮೆ ಹರಿಯಿತು. ಮೂರನೆಯದಕ್ಕೆ ಜೇಡಿಮಣ್ಣು ಎದ್ದು ಬಂತು. ಒಬ್ಬರು ತುಂಬಿಕೊಟ್ಟರೆ ಒಬ್ಬರು ಸಾಗಿಸಿದರು. ನಾಗಾರ್ಯರು ಕಾಲನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆಳೆದಂತೆ ಅದರ ಜಾಗಕ್ಕೆ ಶಿಷ್ಯರು ಹುಲ್ಲು ಸೇರಿಸಿ ಮಣ್ಣು ತುಂಬಿದರು. ಮೇಲೆ ನಿಂತು ತುಳಿದರು. ಬೊಮ್ಮಣ್ಣ ಎಲ್ಲರಿಗಿಂತ ಜೋರಾಗಿ ತುಳಿಯುತ್ತಿದ್ದ.

ಉಬ್ಬರ ಒಡ್ಡಿನ ತಲೆಗೆ ಒಂದು ಗೇಣು ಉಳಿಸಿ ನಿಂತಿತು. ಆಮೇಲೆ ನಿಧಾನಕ್ಕೆ ಇಳಿಯತೊಡಗಿತು.

ಎರಡು ಸಾಲು ಭತ್ತ ಹೋಗಿತ್ತು. ಉಳಿದ ಗದ್ದೆ ಗಾಳಿಗೆ ತೂಗುತ್ತಿತ್ತು. ಅಡಿಯಿಂದ ಮುಡಿವರೆಗೆ ಕೆಸರಾದ ಜನ ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು. ಕೇತನಿಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ನಾಚಿಕೆಯೂ ಖುಷಿಯೂ ಒಟ್ಟಿಗೇ ಆಗಿದ್ದವು.

ಅವನು ಗುರುಗಳ ಕಾಲ ಬಳಿ ಕೂತ. ಹಿಮ್ಮಡಿಯಲ್ಲಿ ಏಡಿ ಕಚ್ಚಿದ ಗುರುತು ಕೆಂಪಾಗಿತ್ತು. ತನ್ನ ಉತ್ತರೀಯದಿಂದ ಅದನ್ನು ಒರೆಸಿದ.

ಒಡ್ಡಿನ ಮೇಲೆ ಬಿಟ್ಟಿದ್ದ ಗರಿಗಳು ತುಳಿತಕ್ಕೆ ಸಿಕ್ಕಿ ಮಣ್ಣಾಗಿದ್ದವು. ಆದರೆ ಕೇತ ಕೇತನೇ ತಾನೆ.

"ಗುರುಗಳೇ, ಒಂದು ಮಾತು. ರೋಮ್ ಬಿದ್ದದ್ದು ಏಳರಲ್ಲಿ ಯಾವ ಕಾರಣಕ್ಕೆ?"

ನಾಗಾರ್ಯರು ಗುದ್ದಲಿಯನ್ನು ಎತ್ತಿ, ಹೊಳೆಯ ನೀರಲ್ಲಿ ತೊಳೆದು, ಅವನ ಕೈಗೆ ಕೊಟ್ಟರು.

"ಮುಂದಿನ ಹಡಗು ಬಂದಾಗ ಇನ್ನೊಂದು ಮಾತು ಕೇಳಿ ಬಾ, ಕೇತಾ. ಅಲ್ಲಿ ಗುದ್ದಲಿಗೆ ಹೂ ಇಡೋಕೆ ಶುರು ಮಾಡಿದ್ದು ಯಾವ ವರ್ಷ ಅಂತ."